ವಿಕಿರಣ ತ್ಯಾಜ್ಯದ ಜಾಗ ಮುಚ್ಚುವುದು ಎಂದರೇನು? ಅದರ ಪರಿಸರ ವರದಿ ಓದುವುದು ಹೇಗೆ?

ವಿಜಯಪುರ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನೋಡುತ್ತಾರೆ ಎಂಬ ಸುದ್ದಿ ಪೇಪರಿನಲ್ಲಿ ಬಂದ ಮೇಲೆ ನಮ್ಮ ಕಡೆ ಚಹಾದಂಗಡಿಗಳಲ್ಲಿ ಎರಡು ಪ್ರಶ್ನೆ ಓಡಾಡುತ್ತಿವೆ. ನೀರು ಎಲ್ಲಿಂದ ತರುತ್ತಾರೆ? ಅದರ ಕಸ ಎಲ್ಲಿ ಹಾಕುತ್ತಾರೆ? ಮೊದಲನೆಯದಕ್ಕೆ ಯಾರಾದರೂ ಕೃಷ್ಣೆ, ಆಲಮಟ್ಟಿ ಎನ್ನುತ್ತಾರೆ. ಎರಡನೆಯದು ಮಾತ್ರ ‘ಎಲ್ಲೋ ಹೂಳ್ತಾರ ಬಿಡ್ರಿ’ ಎನ್ನುವಲ್ಲಿಗೆ ಮುಗಿದುಹೋಗುತ್ತದೆ.

ಹೂಳುವುದು ಇದರಲ್ಲಿ ಸುಲಭದ ಕೆಲಸ. ಹೂಳಿದ ಜಾಗ ಒಂದು ದಿನ ತುಂಬುತ್ತದೆ. ಆಗ ಅದನ್ನು ಮುಚ್ಚಬೇಕು. ಮುಚ್ಚಿದ ಮೇಲೆ ನೂರಾರು ವರ್ಷ ಅದು ಮುಚ್ಚಿಕೊಂಡೇ ಇರಬೇಕು. ಇದು ಆಗುವ ಮಾತೇ ಎಂದು ಮುಂಚೆಯೇ ಕೂತು ಲೆಕ್ಕ ಹಾಕಿ, ಜನರ ಮುಂದಿಡುವ ಕೆಲಸಕ್ಕೆ ಪರಿಸರ ಪರಿಣಾಮ ಪರಿಶೀಲನೆ ಎನ್ನುತ್ತಾರೆ. ಈ ಲೇಖನ ಅದರ ಬಗ್ಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಇಂಥ ತ್ಯಾಜ್ಯ ಹೂಳುವ ಜಾಗ ಇಲ್ಲ. ರಾಜ್ಯದ ಅಣು ವಿದ್ಯುತ್ ಸ್ಥಾವರ ಇರುವುದು ಉತ್ತರ ಕನ್ನಡದ ಕೈಗಾದಲ್ಲಿ. ಮುಂದೆ ಬರುವ ಉದಾಹರಣೆಗಳು ಹೆಚ್ಚಾಗಿ ಹೊರದೇಶದವು. ಇಂಥ ಜಾಗಗಳನ್ನು ಮುಚ್ಚಲು ಹೋಗಿ ಪೆಟ್ಟು ತಿಂದವರು, ಕಲಿತವರು ಅಲ್ಲಿದ್ದಾರೆ.

ಯಾವ ಕಸ ಇದು?

ಅಣು ಕಸ ಎಂದ ಕೂಡಲೇ ಎಲ್ಲವೂ ಒಂದೇ ಎಂದುಕೊಳ್ಳುತ್ತೇವೆ. ಹಾಗಲ್ಲ. ಸ್ಥಾವರದಲ್ಲಿ ಉರಿದ ಯುರೇನಿಯಂ ಇಂಧನ ಬೇರೆ, ಅಲ್ಲಿ ಕೆಲಸಗಾರರು ಹಾಕಿಕೊಂಡ ಕೈಗವಸು ಬೇರೆ.

ಉರಿದ ಇಂಧನದಲ್ಲಿ ವಿಕಿರಣ ಬಹಳ ತೀವ್ರ. ಭಾರತದಲ್ಲಿ ಅದನ್ನು ಮರುಸಂಸ್ಕರಣೆ ಮಾಡುತ್ತಾರೆ. ಆಮೇಲೆ ಉಳಿಯುವ ಉಗ್ರ ತ್ಯಾಜ್ಯವನ್ನು ಗಾಜಿನೊಳಗೆ ಕರಗಿಸಿ ಗಟ್ಟಿ ಮಾಡುತ್ತಾರೆ. ತಾರಾಪುರ, ಟ್ರಾಂಬೆ, ಕಲ್ಪಾಕ್ಕಂನಲ್ಲಿ ಈ ಕೆಲಸ ನಡೆಯುತ್ತದೆ. ಈ ಲೇಖನದಲ್ಲಿ ಅದರ ಸುದ್ದಿಗೆ ಹೋಗುವುದಿಲ್ಲ.

ನಾವು ನೋಡುವುದು ಕೆಳಮಟ್ಟದ ತ್ಯಾಜ್ಯ. ಕೈಗವಸು, ಒರೆಸಿದ ಬಟ್ಟೆ, ಫಿಲ್ಟರು, ನೀರು ಶುದ್ಧ ಮಾಡುವ ರಾಳದ ಮಣಿ, ಹಾಳಾದ ಪೈಪು, ವಾಲ್ವು. ಗಾತ್ರದಲ್ಲಿ ಇದೇ ಜಾಸ್ತಿ, ವಿಕಿರಣದಲ್ಲಿ ಕಡಿಮೆ. ಇದನ್ನು ನೆಲದ ಮೇಲ್ಪದರದಲ್ಲೇ ಕಂದಕ ತೋಡಿ ಹೂಳುತ್ತಾರೆ. ನಮ್ಮ ದೇಶದಲ್ಲಿ ಸ್ಥಾವರದ ಆವರಣದೊಳಗೇ ಕಾಂಕ್ರೀಟ್ ಕಂದಕಗಳಲ್ಲಿ ಇಡುವುದು ರೂಢಿ.

ಆಸ್ಪತ್ರೆಗಳ ಕಥೆ ಬೇರೆ. ಥೈರಾಯ್ಡ್ ಚಿಕಿತ್ಸೆಗೆ ಕೊಡುವ ಅಯೋಡಿನ್-131ರ ಶಕ್ತಿ 8 ದಿನಕ್ಕೆ ಅರ್ಧವಾಗುತ್ತದೆ. ಅದರ ಕಸವನ್ನು ಕೆಲವು ತಿಂಗಳು ಬೀಗ ಹಾಕಿ ಇಟ್ಟರೆ ಸಾಕು. ಕ್ಯಾನ್ಸರ್ ಚಿಕಿತ್ಸೆಯ ಹಳೆಯ ಕೊಬಾಲ್ಟ್ ಮೂಲವನ್ನು ಕೊಟ್ಟವರಿಗೇ ವಾಪಸ್ ಕಳಿಸಬೇಕು.

300 ವರ್ಷ ಎಂಬ ಲೆಕ್ಕ ಎಲ್ಲಿಂದ ಬಂತು?

ವಿಕಿರಣಶೀಲ ವಸ್ತು ತಾನಾಗಿ ಕರಗುತ್ತಾ ಹೋಗುತ್ತದೆ. ಅರ್ಧ ಕರಗಲು ಹಿಡಿಯುವ ಸಮಯಕ್ಕೆ ಅರ್ಧಾಯು ಎಂದು ಹೆಸರು. ಇನ್ನೊಂದು ಅರ್ಧಾಯು ಕಳೆದರೆ ಕಾಲು ಭಾಗ ಉಳಿಯುತ್ತದೆ. ಹೀಗೆ ಹತ್ತು ಸಲ ಅರ್ಧವಾದರೆ ಉಳಿಯುವುದು ಸಾವಿರದಲ್ಲಿ ಒಂದು ಪಾಲು.

ಕೊಬಾಲ್ಟ್-60ರ ಅರ್ಧಾಯು 5.27 ವರ್ಷ. ಐವತ್ತು ಚಿಲ್ಲರೆ ವರ್ಷದಲ್ಲಿ ಅದರ ಕಥೆ ಮುಗಿಯುತ್ತದೆ. ಟ್ರಿಟಿಯಂ 12.3 ವರ್ಷ. ಸೀಸಿಯಂ-137 ಸುಮಾರು 30 ವರ್ಷ, ಸ್ಟ್ರಾನ್ಷಿಯಂ-90 ಸುಮಾರು 29. ಕೆಳಮಟ್ಟದ ತ್ಯಾಜ್ಯದಲ್ಲಿ ಹೆಚ್ಚು ಕಾಡುವ ಜೋಡಿ ಈ ಕೊನೆಯ ಎರಡು. 30ನ್ನು ಹತ್ತರಿಂದ ಗುಣಿಸಿ. 300 ಬಂತು ಅಲ್ವಾ? ಹಲವು ದೇಶಗಳ ಕಾಗದಪತ್ರಗಳಲ್ಲಿ ಕಾಣುವ ‘300 ವರ್ಷ ಕಾವಲು’ ಎಂಬ ಮಾತಿನ ಬೇರು ಇದೇ.

ಆದರೆ ಕಸದಲ್ಲಿ ಬೇರೆಯವೂ ಚೂರುಪಾರು ಇರುತ್ತವೆ. ಕಾರ್ಬನ್-14ರ ಅರ್ಧಾಯು 5,730 ವರ್ಷ. ಪ್ಲುಟೋನಿಯಂ-239ರದ್ದು 24,100. ಅಯೋಡಿನ್-129ರದ್ದು ಒಂದೂವರೆ ಕೋಟಿ ವರ್ಷಕ್ಕೂ ಮೇಲೆ. ಇವನ್ನು ಕಾದು ಕೂತು ಕರಗಿಸಲು ಆಗುವುದಿಲ್ಲ. ಹಾಗಾಗಿ ಕಂದಕಕ್ಕೆ ಎಷ್ಟು ಹಾಕಬಹುದು ಎಂದು ಮೊದಲೇ ಮಿತಿ ಹಾಕುತ್ತಾರೆ. ವರದಿಯಲ್ಲಿ ‘ದಾಸ್ತಾನು’ ಎಂಬ ಅಧ್ಯಾಯ ಇರುವುದು ಇದಕ್ಕೆ. ಓದಲು ಬೇಸರ ತರಿಸುತ್ತದೆ, ಬರೀ ಕೋಷ್ಟಕ. ಆದರೆ ಒಳಗೆ ಏನಿದೆ ಎಂಬುದೇ ತಪ್ಪಾದರೆ ಮುಂದಿನ ಲೆಕ್ಕವೆಲ್ಲ ತಪ್ಪು. ಹಳೆಯ ಜಾಗಗಳಲ್ಲಿ ಮೊದಮೊದಲ ವರ್ಷಗಳ ದಾಖಲೆ ಸರಿಯಾಗಿ ಇಲ್ಲದಿರುವುದು ಸಾಮಾನ್ಯ ತೊಂದರೆ.

ಮುಚ್ಚುವುದು ಎಂದರೆ ಮಣ್ಣು ಎಳೆಯುವುದಲ್ಲ

ನಮ್ಮ ಹಳ್ಳಿಗಳ ಹಗೇವು ನೆನಪಿಸಿಕೊಳ್ಳಿ. ಜೋಳ ಇಡಲು ನೆಲದೊಳಗೆ ತೋಡಿದ ಗುಂಡಿ. ನೀರು ನಿಲ್ಲದ ದಿಬ್ಬ ನೋಡಿ ತೋಡುತ್ತಿದ್ದರು. ಒಳಗೆಲ್ಲ ಹುಲ್ಲು ಕಟ್ಟಿ, ಕಾಳು ತುಂಬಿ, ಬಾಯಿಗೆ ಕಲ್ಲು ಹಾಕಿ ಮಣ್ಣು ಮೆತ್ತುತ್ತಿದ್ದರು. ಎಷ್ಟೇ ಆಳ ಇದ್ದರೂ ಬಾಯಿಯಿಂದ ನೀರು ಇಳಿದರೆ ಮುಗೀತು. ತ್ಯಾಜ್ಯದ ಕಂದಕದ ಶತ್ರುವೂ ಅದೇ ನೀರು. ವ್ಯತ್ಯಾಸ ಇಷ್ಟೇ: ಹಗೇವಿನ ಕಾಳು ಒಳಗೆ ಕೆಡುತ್ತದೆ, ಕಂದಕದ ಕಸ ನೀರಿನ ಜೊತೆ ಹೊರಗೆ ಹೊರಡುತ್ತದೆ.

ಅದಕ್ಕೇ ಮುಚ್ಚಿಗೆಯನ್ನು ಪದರ ಪದರವಾಗಿ ಕಟ್ಟುತ್ತಾರೆ. ಮೇಲೆ ಹುಲ್ಲು ಬೆಳೆಯುವ ಮಣ್ಣು. ಮಳೆ ನೀರನ್ನು ಅದು ಹಿಡಿದಿಟ್ಟುಕೊಂಡು, ಬಿಸಿಲಿಗೂ ಗಿಡಕ್ಕೂ ಕೊಟ್ಟು ಖಾಲಿ ಮಾಡುತ್ತದೆ. ಅದರ ಕೆಳಗೆ ಮರಳು, ಜಲ್ಲಿ. ಇಲಿ, ಹೆಗ್ಗಣ, ಬೇರು ಇಳಿಯದಂತೆ ತಡೆಯಲು ದಪ್ಪ ಕಲ್ಲು. ಅದರ ಕೆಳಗೆ ನೀರು ಬಿಡದ ಪದರ: ಜೇಡಿಮಣ್ಣು, ಡಾಂಬರು ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ.

ಇಲ್ಲಿ ನಮ್ಮ ಎರೆಭೂಮಿಯ ರೈತರಿಗೆ ತಾನಾಗಿ ಒಂದು ಸಂಶಯ ಬರುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡುವುದನ್ನು ನೋಡಿದವರಿಗೆ ಜೇಡಿಯ ಮೇಲೆ ನಂಬಿಕೆ ಹೇಗೆ ಬರಬೇಕು? ಸಂಶಯ ಸರಿಯಾದದ್ದೇ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರಿಯುವ ಗುಣ ನೀರು ತಡೆಯಲು ಬಳಸುವ ಬೆಂಟೋನೈಟ್ ಜೇಡಿಗೂ ಇದೆ. ಒದ್ದೆ ಇದ್ದಷ್ಟು ದಿನ ಅದರಷ್ಟು ಒಳ್ಳೆಯ ತಡೆ ಇನ್ನೊಂದಿಲ್ಲ. ಒಣ ಸೀಮೆಯಲ್ಲಿ ಮೇಲಿನ ಪದರ ತೆಳುವಾಗಿದ್ದರೆ ಅದು ಬಿರಿಯಬಹುದು. ಹಾಗಾಗಿ ಜೇಡಿ ಎಷ್ಟು ಆಳದಲ್ಲಿದೆ, ಅದರ ಮೇಲೆ ಏನಿದೆ ಎಂಬುದನ್ನು ವರದಿಯಲ್ಲಿ ನೋಡಬೇಕು.

ಇನ್ನೊಂದು ತೊಂದರೆ ಕುಸಿತ. ಡ್ರಮ್ಮು ತುಕ್ಕು ಹಿಡಿಯುತ್ತದೆ, ಪೆಟ್ಟಿಗೆ ಕೊಳೆಯುತ್ತದೆ. ಒಳಗೆ ಟೊಳ್ಳಾಗಿ ಮೇಲಿನ ಮಣ್ಣು ಕುಸಿಯುತ್ತದೆ. ಕುಸಿದಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಇಳಿಯುತ್ತದೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೆಸ್ಟ್ ವ್ಯಾಲಿಯಲ್ಲಿ ಆಗಿದ್ದು ಹೀಗೇ. ಅಲ್ಲಿ ಕಂದಕದ ತಳ ಗಟ್ಟಿ ಜೇಡಿ, ನೀರು ಕೆಳಗೆ ಹೋಗುವುದಿಲ್ಲ ಎಂದು ಆರಿಸಿದ ಜಾಗ. ಮೇಲಿನಿಂದ ಇಳಿದ ಮಳೆ ನೀರು ಹೋಗಲು ದಾರಿ ಇಲ್ಲದೆ ಒಳಗೇ ತುಂಬಿತು, ಆಮೇಲೆ ಮುಚ್ಚಿಗೆಯ ಅಂಚಿನಿಂದ ಜಿನುಗಿತು. 1975ರಲ್ಲಿ ಅಲ್ಲಿ ಹೂಳುವುದು ನಿಂತಿತು. ಕೆಂಟಕಿ ರಾಜ್ಯದ ಮ್ಯಾಕ್ಸಿ ಫ್ಲಾಟ್ಸ್ 1963ರಲ್ಲಿ ಶುರುವಾಗಿ 1977ರಲ್ಲಿ ಮುಚ್ಚಿತು. ಅಲ್ಲಿಯೂ ಕಂದಕದೊಳಗಿನ ನೀರನ್ನು ಪಂಪ್ ಮಾಡಿ ತೆಗೆಯಬೇಕಾಯಿತು.

ಮಳೆ ಜಾಸ್ತಿ ಇದ್ದ ಊರುಗಳು ಬಿಡಿ, ನಮ್ಮದು ಬರಗಾಲದ ಸೀಮೆ ಎನ್ನಬಹುದು. ಅಂಥವರಿಗೆ ನೆವಾಡಾ ಮರುಭೂಮಿಯ ಬೀಟಿ ಎಂಬ ಜಾಗದ ಕಥೆ ಇದೆ. ಅಲ್ಲಿ 1992ರ ಕೊನೆಗೇ ವಿಕಿರಣ ತ್ಯಾಜ್ಯ ಹೂಳುವುದು ನಿಂತಿತ್ತು. 2015ರ ಅಕ್ಟೋಬರ್‌ನಲ್ಲಿ ಜೋರು ಮಳೆ ಬಂತು. ಮುಚ್ಚಿಗೆಯ ಮೂಲಕ ಇಳಿದ ನೀರು ತುಕ್ಕು ಹಿಡಿದ ಡ್ರಮ್ಮುಗಳಲ್ಲಿದ್ದ ಸೋಡಿಯಂ ಲೋಹಕ್ಕೆ ತಾಗಿತು. ಸೋಡಿಯಂ ನೀರು ತಾಗಿದರೆ ಹೊತ್ತಿ ಸಿಡಿಯುತ್ತದೆ, ಹೈಸ್ಕೂಲಿನ ವಿಜ್ಞಾನದಲ್ಲೇ ಓದಿದ್ದೇವೆ. ಮುಚ್ಚಿ ಇಪ್ಪತ್ತು ವರ್ಷ ದಾಟಿದ ಕಂದಕ ಹೀಗೆ ಸ್ಫೋಟಿಸಿತು. ಹೆದ್ದಾರಿ ಬಂದ್ ಮಾಡಬೇಕಾಯಿತು. ಪರೀಕ್ಷೆ ಮಾಡಿದಾಗ ವಿಕಿರಣ ಹೊರಗೆ ಹರಡಿದ್ದು ಕಾಣಲಿಲ್ಲ. ಆದರೂ ವರ್ಷದ ಸರಾಸರಿ ಮಳೆಯನ್ನಷ್ಟೇ ನೋಡಿ ನೆಮ್ಮದಿಯಾಗಿರಬಾರದು, ಒಂದೇ ದಿನ ಸುರಿಯುವ ಮಳೆಯನ್ನೂ ನೋಡಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ವರದಿ ಏನನ್ನು ಕೇಳುತ್ತದೆ: ರಿಚ್‌ಲ್ಯಾಂಡ್ ಉದಾಹರಣೆ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ರಿಚ್‌ಲ್ಯಾಂಡ್ ಎಂಬ ಊರಿದೆ. ಅದರ ಹತ್ತಿರ ಹ್ಯಾನ್‌ಫರ್ಡ್. ಎರಡನೇ ಮಹಾಯುದ್ಧದಲ್ಲಿ ನಾಗಸಾಕಿ ಬಾಂಬಿಗೆ ಪ್ಲುಟೋನಿಯಂ ತಯಾರಾಗಿದ್ದು ಇಲ್ಲೇ. ಈ ಹ್ಯಾನ್‌ಫರ್ಡ್ ಒಳಗೆ 100 ಎಕರೆಯಲ್ಲಿ ಕೆಳಮಟ್ಟದ ತ್ಯಾಜ್ಯ ಹೂಳುವ ಜಾಗ 1965ರಲ್ಲಿ ಶುರುವಾಯಿತು. ಜಮೀನು ಕೇಂದ್ರ ಸರ್ಕಾರದ್ದು, ರಾಜ್ಯ ಅದನ್ನು ಲೀಸಿಗೆ ಪಡೆದಿದೆ, ನಡೆಸುವುದು ಖಾಸಗಿ ಕಂಪನಿ. ಜಾಗ ಮುಚ್ಚುವ ಅಂದಾಜು 2056ಕ್ಕೆ. ಆದರೆ ಮುಚ್ಚುವ ಯೋಜನೆಯನ್ನೂ ಒಳಗೊಂಡ ಅಂತಿಮ ಪರಿಸರ ವರದಿ ಬಂದದ್ದು 2004ರಲ್ಲಿ! ಅರ್ಧ ಶತಮಾನ ಮುಂಚೆ. ಕೊನೇ ಗಳಿಗೆಯಲ್ಲಿ ಯೋಚಿಸಿದರೆ ಆಯ್ಕೆಗಳೇ ಉಳಿದಿರುವುದಿಲ್ಲ.

ನಮಗೆ ಈ ಜಾಗ ಯಾಕೆ ಹತ್ತಿರದ್ದು ಎಂದರೆ, ಹ್ಯಾನ್‌ಫರ್ಡ್ ಕೆಳಗಿರುವುದೂ ಲಾವಾ ಹರಿದು ಆದ ಕಪ್ಪು ಕಲ್ಲೇ. ವಿಜಯಪುರ ಜಿಲ್ಲೆಯ ಬಹುಪಾಲು ನೆಲದ ಕೆಳಗೂ ಅಂಥದೇ ಕಲ್ಲು. ಪಕ್ಕದಲ್ಲಿ ದೊಡ್ಡ ನದಿ, ಅಲ್ಲಿ ಕೊಲಂಬಿಯಾ, ಇಲ್ಲಿ ಕೃಷ್ಣಾ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಅಲ್ಲಿ ವರ್ಷಕ್ಕೆ ಬರುವ ಮಳೆ ಸುಮಾರು 175 ಮಿ.ಮೀ., ವಿಜಯಪುರದಲ್ಲಿ ಹೆಚ್ಚುಕಮ್ಮಿ 600. ಅಲ್ಲಿ ಕಂದಕದ ಜಾಗದಲ್ಲಿ ಅಂತರ್ಜಲ ಸುಮಾರು 300 ಅಡಿ ಕೆಳಗೆ. ನಮ್ಮಲ್ಲಿ ಕಲ್ಲಿನ ಬಿರುಕಿನಲ್ಲಿ ನೀರು ಓಡುತ್ತದೆ, ಒಂದು ಬೋರು ಬತ್ತಿದರೆ ಪಕ್ಕದ ಬೋರಿನಲ್ಲಿ ನೀರು ಇರುತ್ತದೆ. ಒಂದು ಜಾಗದ ಲೆಕ್ಕವನ್ನು ಇನ್ನೊಂದಕ್ಕೆ ಸುಮ್ನೆ ಎತ್ತಿ ಇಡಲು ಬರುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಇಂಥ ವರದಿಯ ಜೀವ ಇರುವುದು ‘ಪರ್ಯಾಯಗಳು’ ಎಂಬ ಅಧ್ಯಾಯದಲ್ಲಿ. ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ? ತೆಳು ಮುಚ್ಚಿಗೆ ಸಾಕೇ, ದಪ್ಪ ಬೇಕೇ? ಜೇಡಿಯೋ, ಡಾಂಬರೋ, ಪ್ಲಾಸ್ಟಿಕ್ಕೋ? ತುಂಬಿದ ಕಂದಕಗಳಿಗೆ ಈಗಲೇ ಮುಚ್ಚಿಗೆಯೋ, ಎಲ್ಲ ಮುಗಿದ ಮೇಲೆ ಒಟ್ಟಿಗೋ? ಪ್ರತಿಯೊಂದಕ್ಕೂ ಖರ್ಚು, ಎಷ್ಟು ಲಾರಿ ಮಣ್ಣು, ಆ ಮಣ್ಣು ಎಲ್ಲಿಂದ, ನೀರಿಗೆ ಎಷ್ಟು ಸೋರಿಕೆ ಎಂದು ಲೆಕ್ಕ ಕೊಡಬೇಕು. ಒಂದೇ ದಾರಿ ತೋರಿಸಿ, ಅದೇ ಸರಿ ಎನ್ನುವ ವರದಿ ನನ್ನ ಮಟ್ಟಿಗೆ ಪರಿಶೀಲನೆಯಲ್ಲ, ಅರ್ಜಿ.

ಹ್ಯಾನ್‌ಫರ್ಡ್‌ನಲ್ಲಿ ಇನ್ನೊಂದು ಗೊಂದಲ. ಸುತ್ತಲಿನ ಅಂತರ್ಜಲ ಬಾಂಬಿನ ಕಾಲದಿಂದಲೇ ಕೆಟ್ಟಿದೆ. ಈ 100 ಎಕರೆಯ ಪಾಲು ಎಷ್ಟು, ಹಳೆಯದರ ಪಾಲು ಎಷ್ಟು? ಇದನ್ನು ಒಟ್ಟಿಗೆ ಕೂಡಿಸಿ ನೋಡುವುದಕ್ಕೆ ಸಂಚಿತ ಪರಿಣಾಮ ಎನ್ನುತ್ತಾರೆ. 2,400 ಮೆಗಾವ್ಯಾಟ್‌ನ ಕೂಡಗಿ ಉಷ್ಣ ಸ್ಥಾವರ ಇರುವ ಜಿಲ್ಲೆಯಲ್ಲಿ ಯಾವ ಹೊಸ ಯೋಜನೆಯ ವರದಿ ಬಂದರೂ ಈ ಅಧ್ಯಾಯ ಇದೆಯೇ ಎಂದು ಮೊದಲು ಹುಡುಕುವುದು ಒಳ್ಳೆಯದು.

ವರದಿಯೊಳಗೆ ಬದುಕುವ ಮನುಷ್ಯ

ವರದಿ ಬರೆಯುವವರು ಒಬ್ಬ ಕಲ್ಪನೆಯ ಮನುಷ್ಯನನ್ನು ಆ ಜಾಗದ ಪಕ್ಕದಲ್ಲಿ ಕೂರಿಸುತ್ತಾರೆ. ನೂರೋ ಐನೂರೋ ವರ್ಷದ ನಂತರ ಅವನು ಅಲ್ಲಿ ಬದುಕುತ್ತಾನೆ, ಅಲ್ಲಿಯ ನೀರು ಕುಡಿಯುತ್ತಾನೆ, ಅಲ್ಲಿ ಬೆಳೆದದ್ದು ತಿನ್ನುತ್ತಾನೆ. ಅವನ ಮೈಗೆ ವರ್ಷಕ್ಕೆ ಎಷ್ಟು ವಿಕಿರಣ ತಗಲುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಅಳತೆಗೆ ಮಿಲಿಸೀವರ್ಟ್ ಎಂದು ಹೆಸರು. ಮಣ್ಣು, ಗಾಳಿ, ಆಕಾಶದಿಂದ ಪ್ರಪಂಚದ ಸರಾಸರಿ ಮನುಷ್ಯನಿಗೆ ಹೇಗಿದ್ದರೂ ವರ್ಷಕ್ಕೆ 2.4 ಮಿಲಿಸೀವರ್ಟ್ ತಗಲುತ್ತಿರುತ್ತದೆ. ಅಮೆರಿಕದಲ್ಲಿ ಇಂಥ ಹೂಳುವ ಜಾಗದಿಂದ ಹೊರಗಿನವರಿಗೆ ತಗಲಬಹುದಾದ ಮಿತಿ ಅದರ ಹತ್ತನೇ ಒಂದು ಭಾಗದಷ್ಟು, 0.25.

ಆ ಮನುಷ್ಯ ಯಾರು ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಹ್ಯಾನ್‌ಫರ್ಡ್ ಸುತ್ತ ಯಾಕಾಮಾ ಮುಂತಾದ ಮೂಲನಿವಾಸಿಗಳಿದ್ದಾರೆ. 1855ರ ಒಪ್ಪಂದದ ಪ್ರಕಾರ ಅಲ್ಲಿ ಮೀನು ಹಿಡಿಯುವ, ಬೇಟೆಯಾಡುವ, ಗೆಡ್ಡೆ ಅಗೆಯುವ ಹಕ್ಕು ಅವರಿಗಿದೆ. ಕಾದ ಕಲ್ಲಿಗೆ ನೀರು ಸುರಿದು ಹಬೆಯಲ್ಲಿ ಕೂರುವ ಸ್ನಾನ ಅವರ ಸಂಪ್ರದಾಯ. ನೀರಿನಲ್ಲಿ ಏನಾದರೂ ಇದ್ದರೆ ಹಬೆಯ ಜೊತೆ ಉಸಿರಿಗೆ ಹೋಗುತ್ತದೆ. ಅಂಗಡಿಯಿಂದ ತರಕಾರಿ ತರುವ ಪೇಟೆಯವನ ಲೆಕ್ಕ ಇವರಿಗೆ ಹೊಂದುವುದಿಲ್ಲ. ಅದಕ್ಕೇ ಅವರ ಬದುಕಿನ ಲೆಕ್ಕವನ್ನು ಬೇರೆಯಾಗಿ ಮಾಡುತ್ತಾರೆ.

ನಮ್ಮ ಕಡೆಯ ಮನುಷ್ಯ ಹೇಗಿರಬೇಕು? ತೋಟದ ಮನೆ, ಸ್ವಂತ ಬೋರು. ಅದೇ ನೀರು ಕುಡಿಯಲು, ಅದೇ ನೀರು ಹೊಲಕ್ಕೆ. ಅದರಲ್ಲಿ ಬೆಳೆದ ಮೇವು ಎಮ್ಮೆಗೆ, ಎಮ್ಮೆಯ ಹಾಲು ಮಕ್ಕಳಿಗೆ. ಸ್ಟ್ರಾನ್ಷಿಯಂ ದೇಹದಲ್ಲಿ ಕ್ಯಾಲ್ಸಿಯಂ ಥರವೇ ನಡೆದುಕೊಳ್ಳುತ್ತದೆ, ಹಾಲಿನಿಂದ ಎಲುಬಿಗೆ ಸೇರುತ್ತದೆ. ಬೇಸಿಗೆಯಲ್ಲಿ ಬಿಸಿಲಲ್ಲಿ ದುಡಿಯುವವರು ಕುಡಿಯುವ ನೀರು ತಂಪು ದೇಶದವರದ್ದಕ್ಕಿಂತ ಬಹಳ ಜಾಸ್ತಿ. ದಿನಕ್ಕೆ ಎಷ್ಟು ಲೀಟರ್ ಎಂದು ಹಿಡಿದಿದ್ದಾರೆ ಎಂಬ ಸಣ್ಣ ಅಂಕಿ ಅನುಬಂಧದಲ್ಲಿ ಎಲ್ಲೋ ಅಡಗಿರುತ್ತದೆ.

ಇನ್ನೊಬ್ಬ ಕಲ್ಪನೆಯ ವ್ಯಕ್ತಿಯೂ ಇದ್ದಾನೆ: ಗೊತ್ತಿಲ್ಲದೆ ಅಗೆಯುವವನು. ಮನೆಯ ಪಾಯಕ್ಕೋ ಬೋರಿಗೋ ಮುಚ್ಚಿಗೆಯನ್ನೇ ಕೊರೆಯುವವನು. ಅಮೆರಿಕದ ನಿಯಮದಲ್ಲಿ ಕಾವಲಿನ ಮೇಲೆ 100 ವರ್ಷಕ್ಕಿಂತ ಜಾಸ್ತಿ ಭರವಸೆ ಇಡುವಂತಿಲ್ಲ. ಅದಕ್ಕೇ ಕೆಳಮಟ್ಟದ ತ್ಯಾಜ್ಯದಲ್ಲೇ ತೀವ್ರವಾದದ್ದನ್ನು ಕನಿಷ್ಠ 5 ಮೀಟರ್ ಆಳದಲ್ಲಿ ಇಡಬೇಕು, ಇಲ್ಲವೇ 500 ವರ್ಷ ತಾಳುವ ತಡೆ ಹಾಕಬೇಕು. ಮನೆ ಕಟ್ಟುವವನಿಗೆ 5 ಮೀಟರ್ ಸಾಕು. ಬೋರ್‌ವೆಲ್ ಲಾರಿ ಒಂದೇ ರಾತ್ರಿಯಲ್ಲಿ ನೂರಾರು ಅಡಿ ಇಳಿಯುವ ನಮ್ಮ ಸೀಮೆಯಲ್ಲಿ ಆಳ ಒಂದೇ ಸಾಲದು.

ಕಾವಲು ಯಾರದು, ದುಡ್ಡು ಯಾರದು?

500 ವರ್ಷ ಎಂದರೆ ಎಷ್ಟು? ಗೋಳಗುಮ್ಮಟದ ಒಡೆಯ ಮೊಹಮ್ಮದ್ ಆದಿಲ್‌ಶಾ ತೀರಿಕೊಂಡದ್ದು 1656ರಲ್ಲಿ. 500 ವರ್ಷ ಹಿಂದೆ ಹೋದರೆ ಗುಮ್ಮಟವೇ ಇಲ್ಲ. 300 ವರ್ಷ ಹಿಂದೆ ಹೋದರೆ ಗುಮ್ಮಟ ಇದೆ, ಕಟ್ಟಿದ ರಾಜ್ಯ ಇಲ್ಲ. 1686ರಲ್ಲೇ ಅದು ಔರಂಗಜೇಬನ ಕೈಸೇರಿತ್ತು.

ಕಲ್ಲು ಉಳಿದರೂ ನೆನಪು ಉಳಿಯುತ್ತದೆ ಎಂದೇನಿಲ್ಲ. ತೊರವಿ ಕಡೆಯಿಂದ ವಿಜಯಪುರಕ್ಕೆ ನೀರು ತರಲು ಆದಿಲ್‌ಶಾಹಿ ಕಾಲದಲ್ಲಿ ನೆಲದೊಳಗೆ ಸುರಂಗ ಕೊರೆದಿದ್ದರು. ನಾವು ಸುರಂಗ ಬಾವಿ ಎನ್ನುವುದು ಅದರ ಭಾಗ. ಒಂದು ರಾಜಧಾನಿಗೆ ನೀರು ಕೊಟ್ಟ ವ್ಯವಸ್ಥೆ ಅದು. ಬಹಳ ಕಡೆ ಹೂಳು ತುಂಬಿ, ತಮ್ಮ ಹೊಲದ ಕೆಳಗೆ ಅದು ಹಾದುಹೋಗಿದೆಯೇ ಎಂದು ಜನಕ್ಕೆ ಗೊತ್ತಿಲ್ಲದಂತಾಯಿತು. ಬೇಕಾದದ್ದನ್ನೇ ಮರೆತಿದ್ದೇವೆ, ಬೇಡವಾದದ್ದನ್ನು ನೆನಪಿಡುತ್ತೇವೆಯೇ?

ಫ್ರಾನ್ಸಿನವರು ಇದಕ್ಕೆ ತಮ್ಮದೇ ದಾರಿ ಹಿಡಿದಿದ್ದಾರೆ. ಅಲ್ಲಿಯ ಲಾ ಮಾಂಶ್ ಎಂಬ ಜಾಗದಲ್ಲಿ 1969ರಿಂದ 1994ರ ತನಕ 5,27,000 ಘನ ಮೀಟರ್ ತ್ಯಾಜ್ಯ ಇಟ್ಟರು. ಮುಚ್ಚುವ ಯೋಜನೆಗೆ ಆಕ್ಷೇಪ ಬಂದಾಗ ಸರ್ಕಾರ ಸ್ವತಂತ್ರ ಆಯೋಗ ನೇಮಿಸಿತು, ಅದು 1996ರಲ್ಲಿ ವರದಿ ಕೊಟ್ಟಿತು. ಎಲ್ಲ ಮುಗಿದು ಅಧಿಕೃತವಾಗಿ ನಿಗಾ ಹಂತ ಶುರುವಾದದ್ದು 2003ರಲ್ಲಿ. ಒಳಗೆ ಏನಿದೆ, ಎಲ್ಲಿದೆ ಎಂಬ ದಾಖಲೆಯನ್ನು ಬಹುಕಾಲ ಬಾಳುವ ವಿಶೇಷ ಕಾಗದದ ಮೇಲೆ ಮುದ್ರಿಸಿ, ಒಂದು ಪ್ರತಿ ಅಲ್ಲೇ, ಇನ್ನೊಂದು ಪ್ರತಿ ರಾಷ್ಟ್ರೀಯ ಪತ್ರಾಗಾರದಲ್ಲಿ ಇಟ್ಟಿದ್ದಾರೆ. ಕಂಪ್ಯೂಟರ್ ಅಲ್ಲ, ಕಾಗದ.

ಇನ್ನು ದುಡ್ಡು. ಕಂಪನಿಗಳು ಮುಳುಗುತ್ತವೆ, ಮಾರಾಟವಾಗುತ್ತವೆ. ಹಾಗಾಗಿ ಅಮೆರಿಕದಲ್ಲಿ ಇಂಥ ಜಮೀನು ಸರ್ಕಾರದ ಹೆಸರಿನಲ್ಲೇ ಇರಬೇಕು ಎಂದು ನಿಯಮ. ವಾಷಿಂಗ್ಟನ್ ರಾಜ್ಯ ತನ್ನ ಖಜಾನೆಯಲ್ಲಿ ಎರಡು ಬೇರೆ ನಿಧಿ ಇಟ್ಟಿದೆ. ಒಂದು ಮುಚ್ಚುವ ಖರ್ಚಿಗೆ, ಇನ್ನೊಂದು ಮುಚ್ಚಿದ ಮೇಲಿನ ಶಾಶ್ವತ ನಿಗಾಕ್ಕೆ. ಕಸ ತಂದು ಹಾಕುವಾಗಲೇ ದುಡ್ಡು ಹಿಡಿದರೆ ಮಾತ್ರ ಇದು ಸಾಧ್ಯ. ತಪ್ಪಿದರೆ ಏನಾಗುತ್ತದೆ ಎಂದು ಜರ್ಮನಿಯ ಆಸ್ಸೆ ಉಪ್ಪಿನ ಗಣಿ ತೋರಿಸುತ್ತದೆ. 1967ರಿಂದ 1978ರ ತನಕ ಸುಮಾರು 1,26,000 ಡ್ರಮ್ಮು, ಪಾತ್ರೆ ಅಲ್ಲಿ ಇಟ್ಟರು. ಆಮೇಲೆ ಗಣಿಗೆ ನೀರು ನುಗ್ಗತೊಡಗಿತು. ಎಲ್ಲವನ್ನೂ ವಾಪಸ್ ಮೇಲೆತ್ತಬೇಕು ಎಂದು 2013ರಲ್ಲಿ ಕಾನೂನೇ ಮಾಡಬೇಕಾಯಿತು. ಖರ್ಚು ಬೀಳುವುದು ತೆರಿಗೆ ಕಟ್ಟುವವರ ಮೇಲೆ.

ನಮ್ಮಲ್ಲಿ ವರದಿ ಬಂದರೆ

ಭಾರತದಲ್ಲಿ ವಿಕಿರಣ ಸುರಕ್ಷತೆ ನೋಡುವುದು 1983ರಲ್ಲಿ ಆದ ಅಣುಶಕ್ತಿ ನಿಯಂತ್ರಣ ಮಂಡಳಿ. ತ್ಯಾಜ್ಯ ಹೂಳಲು 1987ರ ನಿಯಮಗಳಿವೆ. ಅಣು ವಿದ್ಯುತ್ ಯೋಜನೆಗೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ಕೇಂದ್ರದ ಪರಿಸರ ಅನುಮತಿ ಬೇಕು. ಅದಕ್ಕೆ ಮುಂಚೆ ಜಿಲ್ಲೆಯಲ್ಲಿ ಸಾರ್ವಜನಿಕ ಸಭೆ ನಡೆಯಬೇಕು. ಕೈಗಾದ 5 ಮತ್ತು 6ನೇ ಘಟಕಗಳಿಗೆ ಅಂಥ ಸಭೆ 2018ರ ಡಿಸೆಂಬರ್‌ನಲ್ಲಿ ನಡೆಯಿತು.

ಮುಚ್ಚುವ ಮಾತನ್ನು ಜನ ಎತ್ತಬೇಕಾದ್ದು ಈ ಸಭೆಯಲ್ಲೇ, ಶುರುವಾಗುವ ಮುಂಚೆ. ಕಸ ಆವರಣದಲ್ಲೇ ಉಳಿಯುತ್ತದೆಯೇ? ಕಂದಕ ತುಂಬಿದ ಮೇಲೆ ಮುಚ್ಚಿಗೆ ಯಾವುದು? ನಿಗಾ ಎಷ್ಟು ವರ್ಷ, ನಿಧಿ ಎಲ್ಲಿ?

ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ಅದರಲ್ಲೊಂದು ಸ್ಥಳೀಯ ಭಾಷೆಯದ್ದಾಗಿರಬೇಕು. ಕರಡು ವರದಿ ಡಿಸಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ಓದಲು ಸಿಗಬೇಕು. ಸಾರಾಂಶ ಕನ್ನಡದಲ್ಲೂ ಇರಬೇಕು. ಸಭೆಯ ಅಧ್ಯಕ್ಷತೆ ಡಿಸಿ ಅಥವಾ ಅವರ ಪ್ರತಿನಿಧಿಯದ್ದು, ಏರ್ಪಾಡು ಮಾಲಿನ್ಯ ನಿಯಂತ್ರಣ ಮಂಡಳಿಯದ್ದು, ವಿಡಿಯೋ ಕಡ್ಡಾಯ. ಬರಲಾಗದವರು ಮಂಡಳಿಗೆ ಬರೆದು ಕಳಿಸಬಹುದು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಬಾಗಲಕೋಟೆಯವರಿಗೆ ನೋಟಿಸು, ಗೆಜೆಟ್ಟು, ಸಹಿ ಎಲ್ಲ ಬಾಯಿಪಾಠ. ಅಂಥವರನ್ನು ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಒಳ್ಳೆಯದು.

ಸಭೆ ಮುಗಿಯುವಾಗ ಅಂದು ಬಂದ ಮಾತುಗಳ ಸಾರಾಂಶವನ್ನು ಜನರ ಮುಂದೆ ಅವರ ಭಾಷೆಯಲ್ಲಿ ಓದಿ ಹೇಳಬೇಕು, ಆಮೇಲೆ ಸಹಿ ಆಗಬೇಕು. ಇದು ಅಧಿಸೂಚನೆಯಲ್ಲೇ ಇದೆ. ಅಷ್ಟು ಹೊತ್ತಿಗೆ ಬಹಳ ಜನ ಊಟಕ್ಕೋ ಬಸ್ಸಿಗೋ ಎದ್ದಿರುತ್ತಾರೆ. ನೀವು ಕೇಳಿದ ಪ್ರಶ್ನೆ ಅದರಲ್ಲಿ ಬಾರದಿದ್ದರೆ, ಸಹಿ ಬೀಳುವ ಮುಂಚೆ ಎದ್ದು ನಿಂತು ಸೇರಿಸಿ ಎಂದು ಹೇಳಬಹುದು.